ಅವರೆಕಾಯಿ ಕಾಲದ ಸವಾರಿ

ಕಳೆದ ವಾರ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವರೆಕಾಯಿ ಆರಿಸುತ್ತಾ ನಿಂತಿದ್ದೆ. ಈ ಸಲ ಚಳಿ ತಡವಾಗಿ ಶುರುವಾದದ್ದರಿಂದ ಕಾಯಿಗೆ ಸೊಗಡು ಈಗಷ್ಟೇ ಹತ್ತಿತ್ತು. ಬೆರಳಿಗೆಲ್ಲ ಅದರ ಅಂಟು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಬಿಸಿಯುಸಿರು ಬಿಟ್ಟಂತಾಯಿತು. ತಿರುಗಿದರೆ ಬಿಳಿ ಕುದುರೆ. ಯಾವುದೋ ಮದುವೆಯ ಮೆರವಣಿಗೆ ಮುಗಿಸಿ ಬಂದಿತ್ತು. ಹಣೆಯ ಮೇಲಿನ ಜರಿ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಹಗ್ಗ ಹಿಡಿದವನು ಫೋನಿನಲ್ಲಿ ಮಾತಾಡುತ್ತಿದ್ದ. ಕುದುರೆ ಅವರೆಕಾಯಿ ರಾಶಿಗೆ ಮೂತಿ ಚಾಚಿತ್ತು. ಅಂಗಡಿಯಾಕೆ "ಏಯ್ ಏಯ್" ಎಂದು ಗೋಣಿಚೀಲ ಬೀಸಿದಳು. ಕುದುರೆಯ ಬೆವರು, ಅವರೆಯ ಸೊಗಡು, ಎರಡೂ ಬೆರೆತು ಮೂಗಿಗೆ ಬಡಿದದ್ದೇ ತಡ, ನನ್ನ ಮನಸ್ಸು ಮಾಲೂರಿನ ಆಚೆಯ ಒಂದು ರಾಗಿ ಕಣಕ್ಕೆ ಹೋಗಿಬಿಟ್ಟಿತು.

ನಾನು ರಾಣೆಬೆನ್ನೂರಿನವಳು. ಮದುವೆಯಾಗಿ ಬೆಂಗಳೂರಿಗೆ ಬಂದೆ. ಇಂದಿರಾನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ, ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ. ನಮ್ಮ ಮಗಳು ಸಿರಿ ಹುಟ್ಟುವಾಗ ಉಸಿರಾಡುವುದು ತಡವಾಗಿ ಅವಳ ಕಾಲಿನ ಸ್ನಾಯುಗಳು ಬಿಗಿದುಕೊಂಡವು. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಾಲು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಎರಡೂ ಕೈಗೆ ಊರುಗೋಲು ಕೊಟ್ಟರೆ ಮನೆಯೊಳಗೆ ಓಡಾಡುತ್ತಿದ್ದಳು. ಬೀದಿಗೆ ಬಂದರೆ ನಾಲ್ಕು ಮನೆ ದಾಟುವಷ್ಟರಲ್ಲಿ ಬೆವೆತು ನಿಲ್ಲುತ್ತಿದ್ದಳು.

ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದವರು ಒಂದು ದಿನ ಡಾಕ್ಟರ್ ಸೆಲ್ವರಾಜ್ ಅವರ ಹೆಸರು ಹೇಳಿದರು. ಹಲಸೂರಿನವರು, ಸೇನೆಯಲ್ಲಿ ಕುದುರೆಗಳ ವೈದ್ಯರಾಗಿದ್ದು ನಿವೃತ್ತರಾದವರು. ಕೆ.ಆರ್. ಪುರದ ಆಚೆ ಒಂದು ಹಳೆಯ ಮಾವಿನ ತೋಪನ್ನು ಬಾಡಿಗೆಗೆ ಹಿಡಿದು ಕುದುರೆ ಲಾಯ ಇಟ್ಟಿದ್ದರು. ಸಿರಿಯಂಥ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಿಧಾನವಾಗಿ ನಡೆಸುವುದೇ ಅಲ್ಲಿಯ ಚಿಕಿತ್ಸೆ. ಕುದುರೆ ನಡೆಯುವಾಗ ಮೇಲೆ ಕೂತವರ ಸೊಂಟ, ತಾವೇ ನಡೆಯುತ್ತಿರುವ ಹಾಗೆ ಅಲುಗುತ್ತದೆ. ನಡೆದು ಗೊತ್ತಿಲ್ಲದ ದೇಹಕ್ಕೆ ನಡಿಗೆಯ ರುಚಿ ಹತ್ತುತ್ತದೆ.

ಸಿರಿಗೆ ಸಿಕ್ಕಿದ್ದು ಚಾಂದನಿ. ಶಿವಾಜಿನಗರದಲ್ಲಿ ವರ್ಷಗಟ್ಟಲೆ ಮದುಮಕ್ಕಳನ್ನು ಹೊತ್ತು, ವಯಸ್ಸಾದ ಮೇಲೆ ಡಾಕ್ಟರ ಲಾಯ ಸೇರಿದ ಹೆಣ್ಣು ಕುದುರೆ. ಬ್ಯಾಂಡು, ಪಟಾಕಿ, ಹಾರನ್ನು, ಯಾವುದಕ್ಕೂ ಬೆಚ್ಚುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಚಾಂದನಿಯನ್ನು 'ಅದು' ಎಂದರೆ ಸಿರಿ ಊಟ ಬಿಡುತ್ತಿದ್ದಳು. ಹಾಗಾಗಿ ನಾನೂ 'ಅವಳು' ಎಂದೇ ಬರೆಯುತ್ತೇನೆ.

ನಾನು ಮಾತ್ರ ಬೇಲಿಯ ಆಚೆಯೇ ನಿಲ್ಲುತ್ತಿದ್ದೆ. ನನಗೆ ಕುದುರೆ ಎಂದರೆ ಭಯ. ಒಂದು ಶನಿವಾರ ಡಾಕ್ಟರು ಕರೆದರು.

"ನೀವೂ ಹತ್ತಿ ನೋಡಮ್ಮಾ. ಮಗು ಮೇಲಿಂದ ಏನ್ ನೋಡ್ತಾಳೆ ಅಂತ ನಿಮಗೂ ಗೊತ್ತಾಗ್ಲಿ."

ಹತ್ತಿದೆ. ಚಾಂದನಿ ಒಂದು ಹೆಜ್ಜೆ ಇಟ್ಟಿದ್ದೇ ಅಳು ಬಂದುಬಿಟ್ಟಿತು. ಬೇಲಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಸಿರಿ ಕೂಗಿದಳು, "ಅಮ್ಮಾ, ಬೆನ್ನು ನೆಟ್ಟಗೆ! ಕೆಳಗ್ ನೋಡ್ಬೇಡ. ಅವಳ ಎರಡು ಕಿವಿ ಮಧ್ಯದಿಂದ ಮುಂದೆ ನೋಡು!" ಹನ್ನೊಂದು ವರ್ಷದ ಹುಡುಗಿಗೆ ಅಷ್ಟು ದೊಡ್ಡ ಗಂಟಲು ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ಪ್ರತಿ ಶನಿವಾರ ಮಗಳ ಪಾಠ ಮುಗಿದ ಮೇಲೆ ನನ್ನ ಪಾಠ. ಮೇಷ್ಟರು ಅವಳೇ. ಹೊಗಳಿದ್ದು ಕಡಿಮೆ.

ಹೀಗೆ ವರ್ಷ ಕಳೆಯುವಷ್ಟರಲ್ಲಿ ತೋಪಿನ ಮಾಲೀಕರು ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರಿದರು. ಯುಗಾದಿಯೊಳಗೆ ತೆರವು ಮಾಡಬೇಕೆಂದರು. ಹೊಸಕೋಟೆಯ ಆಚೆ ಒಬ್ಬ ಪುಣ್ಯಾತ್ಮ ರೈತರು ತಮ್ಮ ಜಮೀನಿನ ಒಂದು ಮೂಲೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಲು ಒಪ್ಪಿದರೂ ಅಲ್ಲಿ ಲಾಯ, ಬೇಲಿ, ನೀರಿನ ತೊಟ್ಟಿ, ಮಕ್ಕಳು ಕುದುರೆ ಹತ್ತಲು ಇಳಿಜಾರು ಕಟ್ಟೆ ಎಲ್ಲವನ್ನೂ ಹೊಸದಾಗಿ ಮಾಡಬೇಕಿತ್ತು. ಡಾಕ್ಟರು ಮಕ್ಕಳ ತಂದೆತಾಯಿಯರನ್ನೆಲ್ಲ ಮಾವಿನ ಮರದ ಕೆಳಗೆ ಕೂರಿಸಿ, ಮುಚ್ಚಿಬಿಡುತ್ತೇನೆ ಎಂದರು. ತಡೆದವಳು ಮೆಹರುನ್ನೀಸಾ.

ಮೆಹರು ಶಿವಾಜಿನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು, ವಾರದ ಕೊನೆಗೆ ಲಾಯದಲ್ಲಿ ಮಕ್ಕಳಿಗೆ ಕಲಿಸಲು ಬರುತ್ತಿದ್ದಳು. ಅವಳ ಅಜ್ಜ ಕಂಟೋನ್ಮೆಂಟಿನ ದಂಡು ರೈಲ್ವೆ ಸ್ಟೇಷನ್ನಿಗೆ ಜಟಕಾ ಹೊಡೆಯುತ್ತಿದ್ದವರು. ಮನೆಯ ಹುಡುಗರಿಗೆಲ್ಲ ಲಗಾಮು ಕೊಡುತ್ತಿದ್ದರಂತೆ, ಹುಡುಗಿಯರಿಗೆ ಹುಲ್ಲು ಹಾಕುವ ಕೆಲಸ ಮಾತ್ರ. ನಲವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಸವಾರಿ ಕಲಿತಿದ್ದಳು.

"ಮುಚ್ಚೋದ್ ಸುಲಭ ಡಾಕ್ಟ್ರೇ," ಎಂದಳು. "ಅದಕ್ ಮುಂಚೆ ಒಂದ್ ಕೆಲ್ಸ ಮಾಡೋಣ. ಹಲಸೂರಿಂದ ಕುದ್ರೆ ಹತ್ತಿ ಕೋಲಾರದ ಕಡೆ ಊರೂರು ಸುತ್ತಿ ಬರೋಣ. ಈ ಕುದ್ರೆಗಳು ಏನ್ ಮಾಡ್ತವೆ ಅಂತ ಜನ ನೋಡ್ಲಿ. ನೋಡಿದ್ರೆ ಕೊಡ್ತಾರೆ. ಕೊಡ್ಲಿಲ್ಲ ಅಂದ್ರೆ, ಕ್ಯಾ ಗಯಾ, ನಮ್ದೇನ್ ಹೋಯ್ತು, ಊರ್ ನೋಡ್ದಂಗಾಯ್ತು."

ಲಾಯಕ್ಕೆ ಬರುತ್ತಿದ್ದವರಲ್ಲಿ ಸವಾರಿ ಬಲ್ಲವರ ಗುಂಪೊಂದು ಸಿದ್ಧವಾಯಿತು. ಹೊರಡುವ ಮೊದಲು ಒಬ್ಬರು ಹಿಂದೆ ಸರಿದರು. ಚಾಂದನಿಯ ಮೇಲೆ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನತ್ತ ನೋಡಿದರು.

ಊರಿನಿಂದ ಅವ್ವ ಫೋನು ಮಾಡಿದಳು. "ಕುದುರಿ ಹತ್ತಿ ಹೊಂಟೀಯಂತ? ನಿನಗೇನ್ ಹುಚ್ಚು ಹಿಡದೈತೇನ್? ಬಿದ್ದು ಸೊಂಟಾ ಮುರಕೊಂಡ್ರ ಕೂಸಿನ್ನ ಯಾರ್ ನೋಡ್ಕೋತಾರ?"

ಅವ್ವನ ಮಾತು ತಪ್ಪೇನೂ ಅಲ್ಲ. ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಕೊನೆಗೆ ಗಂಡ ಪ್ರಕಾಶ, "ಹೋಗ್ ಬಾ ಶೈಲಾ. ರಜ ಹಾಕಿದೀನಿ, ನಾನ್ ನೋಡ್ಕೊತೀನಿ," ಎಂದ. ಸಿರಿ ಒಂದು ಷರತ್ತಿನ ಮೇಲೆ ಒಪ್ಪಿದಳು. ವಾಪಸು ಬರುವ ದಿನ ಹೆದ್ದಾರಿಯಿಂದ ಲಾಯದವರೆಗಿನ ದಾರಿಯಲ್ಲಿ ಚಾಂದನಿಯ ಮೇಲೆ ಅವಳೇ ಕೂರಬೇಕು, ಎಲ್ಲರಿಗಿಂತ ಮುಂದೆ ಹೋಗಬೇಕು. ಡಾಕ್ಟರು ಕೈ ಕೊಟ್ಟು ಮಾತು ಕೊಟ್ಟರು.

ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹಲಸೂರು ಕೆರೆಯ ಪಕ್ಕದಿಂದ ಹೊರಟೆವು. ಕೆರೆಯ ಮೇಲೆ ಮಂಜು ಕೂತಿತ್ತು. ಹಳೆ ಮದ್ರಾಸ್ ರಸ್ತೆ ಅಷ್ಟು ಖಾಲಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಮೆಟ್ರೋ ಕಂಬಗಳ ಕೆಳಗೆ ಗೊರಸಿನ ಸದ್ದು ಮೇಲಿನ ಕಾಂಕ್ರೀಟಿಗೆ ಬಡಿದು ತಿರುಗಿ ಬರುತ್ತಿತ್ತು. ದಿನಾ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ನಿಂತು ಬೆವರುತ್ತಿದ್ದ ಅದೇ ದಾರಿ. ಒಬ್ಬ ಹಾಲಿನವನು ಸ್ಕೂಟರು ನಿಲ್ಲಿಸಿ, "ಶೂಟಿಂಗಾ ಮೇಡಂ? ಹೀರೋ ಯಾರು?" ಎಂದು ಕೇಳಿದ. ಮೆಹರು, "ನಾನೇ ಗುರು, ಕಾಣ್ಸಲ್ವಾ?" ಎಂದಳು.

ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಬಂದಾಗ ಕೆಳಗೆ ರೈಲು ಹಾದುಹೋಯಿತು. ಉಳಿದ ಕುದುರೆಗಳು ಕಿವಿ ನಿಮಿರಿಸಿ ಅಡ್ಡಡ್ಡ ಸರಿದವು. ಚಾಂದನಿ ಆಕಳಿಸಿದಳು.

ಹೊಸಕೋಟೆ ದಾಟಿ ಹಳ್ಳಿಯ ದಾರಿ ಹಿಡಿದ ಮೇಲೆ ನನ್ನ ಎದೆಬಡಿತ ಇಳಿಯಿತು. ತೊಡೆ ಮಾತ್ರ ಮೆಣಸಿನಪುಡಿ ಹಚ್ಚಿದಂತೆ ಉರಿಯುತ್ತಿತ್ತು. ಸಂಜೆ ಕುದುರೆಯಿಂದ ಇಳಿದರೆ ನೆಟ್ಟಗೆ ನಿಲ್ಲಲಾಗದೆ ಅಜ್ಜಿಯರ ಹಾಗೆ ನಡೆಯುತ್ತಿದ್ದೆ. ಆದರೂ ಎಷ್ಟು ಚೆನ್ನಾಗಿತ್ತು ಆ ಕಾಲ. ರಾಗಿ ಕೊಯ್ಲು ಮುಗಿದು ಎಲ್ಲೆಲ್ಲೂ ಒಕ್ಕಣೆ. ಕಣ ಇಲ್ಲದವರು ಟಾರು ರಸ್ತೆಯ ಮೇಲೇ ರಾಗಿ ತೆನೆ ಹರಡಿರುತ್ತಿದ್ದರು, ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡಲೆಂದು. ಹೊಲದ ಅಂಚಿನಲ್ಲಿ ಅವರೆ ಸಾಲು, ಬೆಳಗಿನ ಇಬ್ಬನಿಯಲ್ಲಿ ಅದರ ವಾಸನೆ ಮೊಣಕಾಲಿನ ಎತ್ತರಕ್ಕೆ ತೇಲುತ್ತಿತ್ತು. ಶಾಲೆಗಳ ಮುಂದೆ ನಿಲ್ಲುತ್ತಿದ್ದೆವು. ಡಾಕ್ಟರು ಮಾತಾಡುತ್ತಿದ್ದರು, ಮಕ್ಕಳು ಚಾಂದನಿಯ ಮೂಗು ಸವರುತ್ತಿದ್ದರು. ಮೆಹರು ಹೇಳಿದ್ದು ನಿಜವಾಯಿತು. ನೋಡಿದವರು ಕೊಟ್ಟರು. ಕೈಯಲ್ಲಿದ್ದದ್ದನ್ನು ಕೊಟ್ಟರು, ಕುದುರೆಗೆ ಹುರುಳಿ ಕೊಟ್ಟರು, ನಮಗೆ ಊಟ ಹಾಕಿದರು. ನಮ್ಮ ಆಫೀಸಿನವರು, ಮೆಹರುವಿನ ಬೀದಿಯವರು ಫೋನಿನಲ್ಲಿ ಪಟ ನೋಡಿ ದುಡ್ಡು ಕಳಿಸುತ್ತಿದ್ದರು.

ಮಾಲೂರು ದಾಟಿ ಒಂದು ಸಣ್ಣ ಊರಿನ ಹುಣಸೆ ತೋಪಿನಲ್ಲಿ ತಂಗಿದೆವು. ಬೆಳಿಗ್ಗೆ ಎದ್ದಾಗ ಚಾಂದನಿ ಕಟ್ಟಿದ ಜಾಗದಲ್ಲಿ ಇರಲಿಲ್ಲ. ಮೂತಿಯ ಹಗ್ಗ ಕಳಚಿಕೊಂಡು ಹೋಗಿದ್ದಳು. ಹುಡುಕುವ ಮೊದಲೇ ಊರ ಕಡೆಯಿಂದ ಒಂದು ಹೆಂಗಸಿನ ಬೈಗುಳ ಕೇಳಿಸಿತು.

"ಯಾವೋಳೇ ಇದ್ನ ಬಿಟ್ಟೋಳು? ವರ್ಷೆಲ್ಲ ನಾನ್ ಬೆವರ್ ಸುರ್ಸಿದ್ ರಾಗಿ! ರಾತ್ರಿಯೆಲ್ಲ ಕುತ್ಕೊಂಡ್ ತಿಂದೈತೆ, ಬೀಗ್ರ ಮನೆಗ್ ಬಂದಂಗೆ!"

ಓಡಿಹೋದೆ. ಎಪ್ಪತ್ತರ ಹತ್ತಿರದ ಆ ಹೆಂಗಸಿನ ಹೆಸರು ಮುನಿವೆಂಕಟಮ್ಮ. ಅವರ ಕಣದಲ್ಲಿ ತೂರಿ ಗುಡ್ಡೆ ಹಾಕಿದ್ದ ರಾಗಿಯಲ್ಲಿ ದೊಡ್ಡ ಗುಂಡಿ ಬಿದ್ದಿತ್ತು. ಪಕ್ಕದಲ್ಲಿ ಚಾಂದನಿ ನಿಂತಿದ್ದಳು. ಅವಳು ನಿಂತ ರೀತಿಯೇ ಸರಿಯಿರಲಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಮೈಯೆಲ್ಲ ಬೆವರು. ನಾನು ಹತ್ತಿರ ಹೋಗುವಷ್ಟರಲ್ಲಿ ಮಂಡಿಯೂರಿ ಮಲಗಲು ಹೊರಟಳು.

ನನ್ನ ಹಿಂದೆಯೇ ಓಡಿಬಂದ ಡಾಕ್ಟರ ಮುಖದ ಬಣ್ಣವೇ ಹೋಯಿತು. "ಹೊಟ್ಟೆಶೂಲೆ. ಮಲ್ಗೋಕ್ ಬಿಡ್ಬೇಡಿ, ಹೊರಳಿದ್ರೆ ಕರುಳು ತಿರುಚ್ಕೊಳ್ಳುತ್ತೆ. ನಡೆಸಿ ಅಮ್ಮಾ, ನಿಲ್ಲಿಸ್ಬೇಡಿ!"

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೇಗಾದರೂ ಹಿಂದಿನಿಂದಲೇ ಹೊರಗೆ ಹೋಗಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಎಣ್ಣೆ ಸುರಿದರು. ಮೆಹರು ಚಾಂದನಿಯ ತಲೆ ತಬ್ಬಿ ಹಿಡಿದು ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು, ತನ್ನ ಅಜ್ಜ ಕುದುರೆಗೆ ಹೇಳುತ್ತಿದ್ದ ಮಾತುಗಳಂತೆ ಅವು.

ಮುನಿವೆಂಕಟಮ್ಮನ ಬೈಗುಳ ನಿಂತುಹೋಗಿತ್ತು.

"ಸತ್ತೋಗ್ತದಾ?" ಎಂದು ಮೆಲ್ಲಗೆ ಕೇಳಿದರು.

"ಸಂಜೆವರೆಗೂ ಹೇಳೋಕಾಗಲ್ಲಮ್ಮಾ," ಎಂದರು ಡಾಕ್ಟರು.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ರಾಗಿಯನ್ನು ಮೊರದಲ್ಲಿ ಬಾಚಿ ಬಾಚಿ ಚೀಲಕ್ಕೆ ತುಂಬಿ ಬದಿಗಿಟ್ಟರು. "ಈ ಕಣ್ದಾಗೇ ನಡೆಸ್ರಿ. ಸಗಣಿ ಬಳ್ದಿರೋ ನೆಲ, ಕಲ್ಲಿಲ್ಲ, ಮುಳ್ಳಿಲ್ಲ."

ಇಡೀ ದಿನ ಆ ಕಣದಲ್ಲಿ ಸುತ್ತಿದೆವು. ಒಬ್ಬರಿಗೆ ಕಾಲು ಸೋತರೆ ಇನ್ನೊಬ್ಬರು ಹಗ್ಗ ಹಿಡಿಯುತ್ತಿದ್ದರು. ಮುನಿವೆಂಕಟಮ್ಮನೂ ಹಿಡಿದರು. "ನಡಿ ನನ್ ತಾಯಿ, ನಡಿ. ತಿಂದಿದ್ ಆಯ್ತಲ್ಲ, ಈಗ ಅರ್ಗಿಸ್ಕೊ. ನನ್ ರಾಗಿ ತಿಂದ್ ಸತ್ತೆ ಅನ್ನೋ ಹೆಸ್ರು ನಂಗ್ ಬ್ಯಾಡ," ಎಂದು ಅವಳಿಗೆ ಹೇಳುತ್ತಾ ನಡೆದರು. ಊರಿನವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಮಧ್ಯಾಹ್ನ ಚಾಂದನಿಯ ಕಾಲು ನಡುಗತೊಡಗಿತು. ಡಾಕ್ಟರು ಪೆಟ್ಟಿಗೆ ತೆಗೆದು ಒಂದು ಸಣ್ಣ ಬಾಟಲಿಯನ್ನು ಕೈಯಲ್ಲಿ ಹಿಡಿದು ಕೂತರು. ಅದು ಯಾವ ಔಷಧಿ ಎಂದು ನಾನು ಕೇಳಲಿಲ್ಲ. ನೋವಿನಿಂದ ಬಿಡುಗಡೆ ಕೊಡುವ ಕೊನೆಯ ಇಂಜೆಕ್ಷನ್ನಿನದು ಎಂದು ಅವರ ಮುಖ ನೋಡಿಯೇ ತಿಳಿಯಿತು. ದೂರ ಹೋಗಿ ಮನೆಗೆ ಫೋನು ಮಾಡಿದೆ. ಸಿರಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡೆ.

"ಲದ್ದಿ ಹಾಕಿದ್ಲಾ?" ಎಂದಳು.

"ಇನ್ನೂ ಇಲ್ಲ ಕಣೇ."

"ಹೊಟ್ಟೆಗೆ ಕಿವಿ ಇಟ್ಟು ಕೇಳು. ಗುಡುಗುಡು ಅಂದ್ರೆ ಪರವಾಗಿಲ್ಲ. ಡಾಕ್ಟರ್ ಅಂಕಲ್ ಹೇಳ್ಕೊಟ್ಟಿದಾರೆ. ಫೋನ್ ಇಡ್ಬೇಡ, ಹೋಗಿ ಕೇಳು."

ಹೋಗಿ ಚಾಂದನಿಯ ಬೆವರಿದ ಪಕ್ಕೆಗೆ ಕಿವಿ ಒತ್ತಿದೆ. ಬರಿದಾದ ಹಂಡೆಯ ಹಾಗೆ ನಿಶ್ಶಬ್ದ. "ಏನೂ ಇಲ್ಲ," ಎಂದೆ. "ಆಮೇಲೆ ಮತ್ತೆ ಕೇಳು," ಎಂದಳು. ಅವಳ ದನಿ ಆಗ ನಡುಗಿತು. ಮತ್ತೆ ಸುತ್ತಿದೆವು. ಸುತ್ತು ಸುತ್ತಿಗೂ ನಾನು ಕಿವಿ ಇಡುತ್ತಿದ್ದೆ. ನೆರಳು ಉದ್ದವಾದ ಹೊತ್ತಿನಲ್ಲಿ ಒಳಗೆಲ್ಲೋ ದೂರದಲ್ಲಿ, ಮೋಡ ಗುಡುಗಿದಂತೆ, ಒಂದು ಸದ್ದು ಕೇಳಿಸಿತು. ಡಾಕ್ಟರನ್ನು ಕೂಗಿದೆ. ಅವರೂ ಕಿವಿ ಇಟ್ಟರು. ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು.

ಸೂರ್ಯ ಮುಳುಗುವ ಮೊದಲು ಚಾಂದನಿ ಬಾಲ ಎತ್ತಿ, ಮುನಿವೆಂಕಟಮ್ಮನ ಕಣದ ನಟ್ಟನಡುವೆ ರಾಶಿ ಲದ್ದಿ ಹಾಕಿದಳು. ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೆಹರು ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಮುನಿವೆಂಕಟಮ್ಮ, "ಹೆರಿಗೆ ಆದಂಗಾಯ್ತು ಕಣಮ್ಮೋ," ಎಂದು ಹಣೆಯ ಬೆವರು ಒರೆಸಿಕೊಂಡರು. ನಾನು ಫೋನು ಮಾಡಿದೆ. ಆ ಕಡೆಯಿಂದ ಪ್ರಕಾಶನೂ ಸಿರಿಯೂ ಒಟ್ಟಿಗೆ ಕಿರುಚಿದ್ದು ಊರಿಗೆಲ್ಲ ಕೇಳಿಸಿರಬೇಕು.

ಮಾರನೆಯ ಬೆಳಿಗ್ಗೆ ಹಾಳಾದ ರಾಗಿಗೆ ಏನು ಕೊಡಬೇಕೆಂದು ಡಾಕ್ಟರು ಕೇಳಿದರು. ಮುನಿವೆಂಕಟಮ್ಮ ಸೆರಗಿನ ತುದಿ ತಿರುಚಿದರು.

"ದುಡ್ ಬ್ಯಾಡ. ನನ್ನ ಒಂದ್ ದಪ ಕುದ್ರೆ ಮ್ಯಾಲೆ ಕೂರ್ಸ್ತೀರಾ?"

ಚಾಂದನಿಗೆ ವಿಶ್ರಾಂತಿ ಬೇಕಿತ್ತು. ಮೆಹರು ತನ್ನ ಕುದುರೆ ಬಾದಲನನ್ನು ಕಟ್ಟೆಗೆ ಒತ್ತರಿಸಿ ನಿಲ್ಲಿಸಿದಳು. ನಾವು ಮೂವರು ಹಿಡಿದು, ತಳ್ಳಿ, ಮುನಿವೆಂಕಟಮ್ಮನನ್ನು ಹತ್ತಿಸಿದೆವು. ಸೀರೆಯನ್ನು ಕಚ್ಚೆಯ ಹಾಗೆ ಸಿಕ್ಕಿಸಿಕೊಂಡು ಜೀನನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತರು. ಮೆಹರು ಹಗ್ಗ ಹಿಡಿದು ಮುಂದೆ ನಡೆದಳು. "ಅಕ್ಕಾ, ಬೆನ್ನು ನೆಟ್ಟಗೆ! ಕಿವಿ ಮಧ್ಯದಿಂದ ಮುಂದೆ ನೋಡಿ!" ಎಂದು ನಾನೇ ಕೂಗಿದೆ. ಅರಳಿಕಟ್ಟೆ ಸುತ್ತಿ, ಅಂಗಡಿ ಬೀದಿಯಲ್ಲಿ ಹಾದು ಬಂದರು. ಅವರ ವಾರಗೆಯ ಹೆಂಗಸರು ಬಾಗಿಲಿಗೆ ಬಂದು ಬಾಯಿ ಮುಚ್ಚಿಕೊಂಡು ನಕ್ಕರು. ಇಳಿದ ಮೇಲೆ ಮುನಿವೆಂಕಟಮ್ಮ, "ನಮ್ಮನೆ ಮಾಡಿನ್ ಮ್ಯಾಲೆ ಕುಂಬಳ ಬಳ್ಳಿ ಹೂ ಬಿಟ್ಟೈತೆ, ನಂಗ್ ಗೊತ್ತೇ ಇರ್ಲಿಲ್ಲ," ಎಂದರು.

ಉಳಿದವರು ಮೆಹರುವಿನ ಹಿಂದೆ ಮುಂದಿನ ಊರುಗಳಿಗೆ ಹೊರಟರು. ಡಾಕ್ಟರೂ ನಾನೂ ಚಾಂದನಿಯ ಜೊತೆ ಅಲ್ಲೇ ಉಳಿದೆವು. ಸವಾರಿ ಅರ್ಧಕ್ಕೆ ನಿಂತಿತಲ್ಲ ಎಂದು ಮೊದಲು ಮನಸ್ಸಿಗೆ ಪಿಚ್ಚೆನಿಸಿತು. ಆದರೆ ಅಲ್ಲಿ ಕಳೆದ ದಿನಗಳಷ್ಟು ನೆಮ್ಮದಿಯ ದಿನಗಳು ನನಗೆ ಬೇರೆ ನೆನಪಿಲ್ಲ. ಬಿಸಿಲಿಗೆ ಕೂತು ಮುನಿವೆಂಕಟಮ್ಮನೂ ನಾನೂ ಅವರೆಕಾಯಿ ಸುಲಿಯುತ್ತಿದ್ದೆವು. ನೆನೆಸಿದ ಕಾಳಿನ ಸಿಪ್ಪೆ ಹಿದುಕಿ ತೆಗೆದು ಅವರು ಸಾರು ಮಾಡಿದರು. ಬಿಸಿ ಮುದ್ದೆಯ ಜೊತೆ ಅದನ್ನು ಉಂಡ ಡಾಕ್ಟರು ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದರು. ಚಾಂದನಿ ಮೊದಲು ನೀರು, ಆಮೇಲೆ ಹಸಿ ಹುಲ್ಲು ಮುಟ್ಟಿದಳು. ರಾಗಿ ಚೀಲಗಳು ಮಾತ್ರ ಒಳಕೋಣೆ ಸೇರಿ ಬೀಗ ಹಾಕಿಸಿಕೊಂಡಿದ್ದವು.

ಸವಾರಿಯಿಂದ ಬಂದದ್ದು ಹೊಸ ಜಾಗದ ಕೆಲಸಕ್ಕೆ ಸಾಕಾಯಿತು. ಯುಗಾದಿಯ ಹೊತ್ತಿಗೆ ಲಾಯ ಅಲ್ಲಿಗೆ ಹೋಯಿತು, ಈಗಲೂ ನಡೆಯುತ್ತಿದೆ. ಚಾಂದನಿ ಅಲ್ಲಿ ಯಾರನ್ನೂ ಹೊರದೆ ಪಿಂಚಣಿದಾರಳಂತೆ ಇದ್ದಾಳೆ. ಮಕ್ಕಳು ಅವಳ ಮೈ ಉಜ್ಜುತ್ತಾರೆ. ಅವ್ವ ಒಮ್ಮೆ ಬಂದು ನೋಡಿ, "ಭಾಳ ಶಾಣ್ಯಾ ಕುದುರಿ," ಎಂದು ಹೇಳಿಹೋಗಿದ್ದಾಳೆ. ಇದೆಲ್ಲ ಆಮೇಲಿನದು. ನನ್ನ ಮನಸ್ಸಿನಲ್ಲಿ ಆ ಕಾಲ ನಿಂತಿರುವುದು ವಾಪಸು ಬಂದ ದಿನದ ಆ ಸಣ್ಣ ದಾರಿಯ ಮೇಲೆ.

ಚಾಂದನಿಯನ್ನು ಗಾಡಿಯಲ್ಲಿ ಹೆದ್ದಾರಿಯ ತಿರುವಿನವರೆಗೆ ತಂದು ಇಳಿಸಿದೆವು. ಮೆಹರು ಮತ್ತು ಉಳಿದವರು ಬಂದು ಸೇರಿದರು. ಅಲ್ಲಿಂದ ಮಾವಿನ ತೋಪಿನ ಗೇಟಿನವರೆಗೆ ಎರಡು ಕಡೆ ಕಾಂಪೌಂಡಿನ ಕಿರಿದಾದ ರಸ್ತೆ. ನಮ್ಮಂಥವರಿಗೆ ಹತ್ತು ನಿಮಿಷದ ದಾರಿ. ಪ್ರಕಾಶ ಸಿರಿಯನ್ನು ಆಟೋದಲ್ಲಿ ಕರೆತಂದಿದ್ದ. ಅವಳು ಕೆಳಗಿಳಿದು, ಊರುಗೋಲು ಊರಿಕೊಂಡು ಬಂದು, ಚಾಂದನಿಯ ಕುತ್ತಿಗೆಗೆ ಮುಖ ಒತ್ತಿ ಬಹಳ ಹೊತ್ತು ನಿಂತಳು.

ಡಾಕ್ಟರು ಹತ್ತಿರ ಬಂದರು. "ಸಿರಿ, ಮಾತು ಕೊಟ್ಟಿದ್ದೆ. ಆದ್ರೆ ಇವಳು ಇವತ್ತು ಯಾರನ್ನೂ ಹೊರಬಾರದಮ್ಮಾ. ಬಾದಲ್ ಮೇಲೆ ಕೂತ್ಕೊ. ನೀನೇ ಮುಂದೆ."

"ಬೇಡ ಅಂಕಲ್."

"ಯಾಕೆ? ಬಾದಲ್ ಒಳ್ಳೆಯವನು."

"ನಾನು ಇವಳ ಜೊತೆ ನಡ್ಕೊಂಡ್ ಬರ್ತೀನಿ."

ಪ್ರಕಾಶ ನನ್ನ ಮುಖ ನೋಡಿದ. ಅಷ್ಟು ದೂರ ಅವಳು ಯಾವತ್ತೂ ನಡೆದಿರಲಿಲ್ಲ. ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಚಾಂದನಿಯ ಹಗ್ಗ ಹಿಡಿದು ಹೊರಟೆ. ಸಿರಿ ಅವಳ ಭುಜದ ಪಕ್ಕದಲ್ಲಿ ಹೆಜ್ಜೆ ಹಾಕಿದಳು. ಊರುಗೋಲು ಮುಂದೆ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಚಾಂದನಿ ತಲೆ ತಗ್ಗಿಸಿ ಅವಳ ವೇಗಕ್ಕೆ ತಕ್ಕಂತೆ ಕಾಲಿಟ್ಟಳು. ಸಿರಿ ಉಸಿರು ತೆಗೆದುಕೊಳ್ಳಲು ನಿಂತರೆ ಚಾಂದನಿಯೂ ನಿಲ್ಲುತ್ತಿದ್ದಳು. ನಾನು ಹಗ್ಗ ಎಳೆಯಬೇಕಾಗಲೇ ಇಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಗೊರಸಿನ ಸದ್ದು ಬದಲಾಯಿತು. ತಿರುಗಿ ನೋಡಿದೆ. ಮೆಹರು ಬಾದಲನಿಂದ ಇಳಿದು ಲಗಾಮು ಹಿಡಿದು ನಡೆಯುತ್ತಿದ್ದಳು. ಅವಳ ಹಿಂದೆ ಇನ್ನೊಬ್ಬರು ಇಳಿದರು, ಮತ್ತೊಬ್ಬರು ಇಳಿದರು. ಎಲ್ಲರೂ ಕುದುರೆಗಳ ಪಕ್ಕ ಸಾಲಾಗಿ, ಸಿರಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಬರುತ್ತಿದ್ದರು. ಹಿಂದೆ ಒಂದು ನೀರಿನ ಟ್ಯಾಂಕರು ಬಂದು ಹಾರನ್ನು ಹೊಡೆಯಿತು. ಡಾಕ್ಟರು ಕೈ ಎತ್ತಿದರು. ಡ್ರೈವರು ತಲೆ ಹೊರಗೆ ಹಾಕಿ ನೋಡಿ, ಇಂಜಿನ್ನು ಆರಿಸಿದ.

ಗೇಟಿನ ಹತ್ತಿರ ಬೇರೆ ಮಕ್ಕಳೂ ಅವರ ಮನೆಯವರೂ ಹಾರ ಹಿಡಿದು ನಿಂತಿದ್ದರು. ಸಿರಿ ಯಾರನ್ನೂ ನೋಡಲಿಲ್ಲ. ಮುಖವೆಲ್ಲ ಕೆಂಪು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನೆಟ್ಟಗೆ ನೀರಿನ ತೊಟ್ಟಿಯವರೆಗೆ ಹೋಗಿ, "ಮೊದಲು ಅವಳಿಗೆ ಕುಡಿಸು," ಎಂದು ನನಗೆ ಹೇಳಿ, ಊರುಗೋಲು ಬಿಟ್ಟು ಮಣ್ಣಿನ ಮೇಲೆ ಕೂತುಬಿಟ್ಟಳು. ನಾನೂ ಅವಳ ಪಕ್ಕ ಕೂತೆ. ಆಗಲೇ ಅವಳು ಹಿಂದೆ ತಿರುಗಿ, ಗೇಟಿನಿಂದ ಒಳಗೆ ಬರುತ್ತಿದ್ದ ಸಾಲನ್ನು ನೋಡಿದ್ದು.

"ಇವರೆಲ್ಲ ಯಾಕೆ ನಡ್ಕೊಂಡ್ ಬಂದ್ರು? ಕುದುರೆ ಮೇಲೆ ಬರೋದಲ್ವಾ?"

"ಏನ್ ಮಾಡೋದ್ ಬೇಟಾ," ಎಂದಳು ಮೆಹರು, ಬಾದಲನನ್ನು ತೊಟ್ಟಿಯ ಕಡೆ ತಿರುಗಿಸುತ್ತಾ. "ನಿನ್ ಸ್ಪೀಡ್‌ಗೆ ನಮ್ ಕುದ್ರೆಗಳಿಗೆ ಸುಸ್ತಾಗೋಯ್ತು."

ಸಿರಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮೈಯೆಲ್ಲ ಅಲುಗುವಂತೆ ನಕ್ಕಳು. ಉಸಿರು ಸಿಗದೆ ಕೆಮ್ಮು ಬಂದರೂ ನಗುತ್ತಲೇ ಇದ್ದಳು. ಅವಳ ತಲೆಯ ಮೇಲಿಂದ ಕತ್ತು ಚಾಚಿ ಚಾಂದನಿ ನೀರು ಕುಡಿಯುತ್ತಿದ್ದಳು, ಗುಟುಕು ಗುಟುಕಾಗಿ, ಸಾಕೆನಿಸುವವರೆಗೆ.